ತಂಗಿ ಪಿಯುಸಿ ಮುಗೀತು, ಮುಂದೆ ಓದಿಸೋಕೆ ಅಪ್ಪ ತೋಟ ಮಾರ್ತೀನಿ ಅಂತಾವ್ರೆ, ಏನ್ ಮಾಡ್ಲಿ?

ತೋಟದಮನೆ ಅಣ್ಣ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ದು ತಿಪಟೂರು ಕಡೆ ಹಳ್ಳಿ. ಎರಡೂವರೆ ಎಕರೆ ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ, ಎರಡು ಹಸ. ನಾನು ಐಟಿಐ ಮಾಡ್ಕೊಂಡು ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಆಪರೇಟರ್ ಆಗಿದೀನಿ, ಕೈಗೆ 22 ಸಾವಿರ ಬರುತ್ತೆ, ರೂಮು ಊಟ ಎಲ್ಲಾ ಕಳೆದು ತಿಂಗಳಿಗೆ 8 ಸಾವಿರ ಮನೆಗೆ ಕಳಿಸ್ತೀನಿ. ತಂಗಿ ಈ ಸಲ ಸೆಕೆಂಡ್ ಪಿಯುಸಿ ಪಿಸಿಎಂಬಿ ಮುಗಿಸಿದ್ಲು, 89 ಪರ್ಸೆಂಟ್. ಸಿಇಟಿಲಿ ಇಂಜಿನಿಯರಿಂಗ್ ರ‍್ಯಾಂಕು 43 ಸಾವಿರದ ಹತ್ರ ಬಂದಿದೆ. ನಾವು 2ಎ. ಅವಳು ಒಂದರಿಂದ ಹತ್ತರವರೆಗೆ ಓದಿದ್ದು ಹಳ್ಳಿ ಶಾಲೇಲೇ, ಕನ್ನಡ ಮೀಡಿಯಮ್ಮು. ನಮ್ ಮನೇಲಿ ಹತ್ತನೇ ಕ್ಲಾಸ್ ದಾಟಿ ಇಷ್ಟು ದೂರ ಬಂದಿರೋದು ಅವಳೊಬ್ಳೇ.

ರಿಸಲ್ಟ್ ಬಂದ ವಾರಕ್ಕೇ ಅಪ್ಪನ ನಂಬರಿಗೆ ಯಾರೋ ಫೋನ್ ಮಾಡಿದಾರೆ, ನಂಬರ್ ಹೆಂಗ್ ಸಿಕ್ತೋ ಗೊತ್ತಿಲ್ಲ. ಬೆಂಗಳೂರಿನ ಒಂದು ಪ್ರೈವೇಟ್ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀವಿ, ನಾಲ್ಕು ವರ್ಷಕ್ಕೆ ಎಲ್ಲಾ ಸೇರಿ 12 ಲಕ್ಷ, ಈಗ ಸೀಟ್ ಹಿಡಿಯೋಕೆ 50 ಸಾವಿರ ಕೊಟ್ರೆ ಸಾಕು, ಕೌನ್ಸೆಲಿಂಗ್ ಶುರುವಾದ್ರೆ ರೇಟ್ ಜಾಸ್ತಿ ಆಗುತ್ತೆ ಅಂತ. ಅಪ್ಪ ಅದನ್ನೇ ಹಿಡ್ಕೊಂಡ್ ಕೂತವ್ರೆ. ರಸ್ತೆ ಪಕ್ಕದ 20 ಗುಂಟೆ ಮಾರಿದ್ರೆ 10 ಲಕ್ಷ ಬರುತ್ತೆ, ಉಳಿದಿದ್ದು ಹೆಂಗೋ ಆಗುತ್ತೆ, ಮಗಳು ಸಾಫ್ಟ್‌ವೇರ್ ಆದ್ರೆ ಎರಡು ವರ್ಷಕ್ಕೆ ವಾಪಸ್ ತಗೋಬೋದು ಅಂತಾವ್ರೆ. ಆ 20 ಗುಂಟೇಲಿ ಇಪ್ಪತ್ತೆರಡು ಮರ ಇದಾವೆ, ತಾತ ನೆಟ್ಟಿದ್ದು. 2023ರಲ್ಲಿ ಬೆಂಬಲ ಬೆಲೆ 11,750 ಇದ್ರೂ ಮಾರ್ಕೆಟ್ಟಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 8 ಸಾವಿರದ ಹತ್ರ ಬಿದ್ದಿತ್ತಲ್ಲ, ಆ ವರ್ಷ ಕೂಡ ಅಪ್ಪ ಮಾರೋ ಮಾತು ಎತ್ತಿರ್ಲಿಲ್ಲ. ಈಗ ಮಗಳಿಗೋಸ್ಕರ ಮಾರ್ತೀನಿ ಅಂತಿದಾರೆ, ಬೇಡ ಅನ್ನೋಕೂ ನನ್ ಕೈಲಿ ಆಗ್ತಿಲ್ಲ, ಹೂಂ ಅನ್ನೋಕೂ ಆಗ್ತಿಲ್ಲ.

ಎಜುಕೇಷನ್ ಲೋನ್ ಸಿಗುತ್ತಾ? ಜಮೀನು ಅಡ ಇಡ್ಬೇಕಾ? ಈ ರ‍್ಯಾಂಕಿಗೆ ಸರ್ಕಾರಿ ಸೀಟ್ ಸಿಗುತ್ತಾ? ಸ್ಕಾಲರ್‌ಶಿಪ್ ಅಂತಾರಲ್ಲ ಅದು ನಿಜವಾಗ್ಲೂ ಬರುತ್ತಾ? ಅಪ್ಪಂಗೆ ಸೊಸೈಟಿ ಸಾಲ ಒಂದಿದೆ, ಕಟ್ಟೋದು ತಪ್ಸಿಲ್ಲ. ಭಾನುವಾರ ಊರಿಗೆ ಹೋಗ್ತಿದೀನಿ, ಅಷ್ಟ್ರೊಳಗೆ ಅಪ್ಪನ ಮುಂದೆ ಇಡೋಕೆ ಒಂದು ಲೆಕ್ಕ ಬೇಕು. ತಿಳಿದವರು ಹೇಳಿ.

ನಿವೃತ್ತ ಶಾಖಾಧಿಕಾರಿ

ಮೊದಲು ಒಂದು ಮಾತು, ಆ 50 ಸಾವಿರ ಕೊಡಬೇಡಿ. ಇವತ್ತೇ ಅಪ್ಪನಿಗೆ ಫೋನ್ ಮಾಡಿ ಹೇಳಿ, ಭಾನುವಾರದ ತನಕ ಕಾಯಬೇಡಿ. ರಸೀದಿ ಇಲ್ಲದ ದುಡ್ಡು, ಹೋದರೆ ಕೇಳೋಕೆ ನಿಮ್ಮ ಹತ್ತಿರ ಏನೂ ಇರಲ್ಲ. ಡೊನೇಷನ್ ತಗೊಳ್ಳೋದು ನಮ್ಮ ರಾಜ್ಯದಲ್ಲಿ 1984ರ ಕಾಯ್ದೆ ಪ್ರಕಾರ ಅಪರಾಧ. ಬ್ಯಾಂಕೂ ಅದಕ್ಕೆ ಸಾಲ ಕೊಡಲ್ಲ, ಬ್ಯಾಂಕು ನೋಡೋದು ಕಾಲೇಜು ಅಧಿಕೃತವಾಗಿ ಬರೆದುಕೊಟ್ಟ ಫೀಸ್ ಸ್ಟ್ರಕ್ಚರ್ ಮಾತ್ರ.

ನಾನು ಹಳ್ಳಿ ಶಾಖೆಗಳಲ್ಲೇ ಬಹಳ ವರ್ಷ ಇದ್ದವನು, ನಿಮ್ಮಪ್ಪನಂಥವರು ಎಷ್ಟೋ ಜನ ನನ್ನ ಟೇಬಲ್ ಮುಂದೆ ಪಹಣಿ ಹಿಡ್ಕೊಂಡು ನಿಂತಿದ್ದಾರೆ, ಕೇಳೋದಕ್ಕೆ ಮುಂಚೆನೇ ಪಹಣಿ ಮುಂದೆ ಚಾಚ್ತಾರೆ. ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ಜಮೀನು ಅಡ ಇಡೋ ಪ್ರಶ್ನೆನೇ ಇಲ್ಲ, ನಿಮ್ಮ ಕೈಯಿಂದ ಮಾರ್ಜಿನ್ ಹಣವೂ ಹಾಕಬೇಕಿಲ್ಲ. ವಿದ್ಯಾರ್ಥಿ ಮತ್ತು ತಂದೆ ಅಥವಾ ತಾಯಿ ಜೊತೆಯಾಗಿ ಸಹಿ ಮಾಡಿದರೆ ಸಾಕು. ಕೇಂದ್ರ ಸರ್ಕಾರದ ಗ್ಯಾರಂಟಿ ಫಂಡ್ ಇರೋದರಿಂದ ಏಳೂವರೆ ಲಕ್ಷದವರೆಗೂ ಅಡಮಾನ ಇಲ್ಲದೆ ಕೊಡೋ ವ್ಯವಸ್ಥೆ ಇದೆ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ಶಾಖೆಗೆ ಹೋಗಿ. ಬರೀ ಬಾಯಿಮಾತಲ್ಲಿ ಕೇಳಿದರೆ ಬಾಯಿಮಾತಲ್ಲೇ ಇಲ್ಲ ಅಂತಾರೆ. ಪೋರ್ಟಲ್ ಅರ್ಜಿಗೆ ನಂಬರ್ ಇರುತ್ತೆ, ತಿರಸ್ಕಾರ ಮಾಡಬೇಕಾದರೆ ಮ್ಯಾನೇಜರ್ ತಾನೇ ಮಾಡೋ ಹಾಗಿಲ್ಲ, ಮೇಲಿನ ಅಧಿಕಾರಿ ಒಪ್ಪಿಗೆ ಬೇಕು. ನಿಮ್ಮಪ್ಪ ಸೊಸೈಟಿ ಸಾಲ ಸರಿಯಾಗಿ ಕಟ್ಟಿದ್ದಾರೆ ಅಂದ್ರಲ್ಲ, ಅದು ದೊಡ್ಡ ಬಲ, ಎಷ್ಟೋ ಅರ್ಜಿ ಬಿದ್ದುಹೋಗೋದು ಮನೆಯವರ ಹಳೇ ಸುಸ್ತಿ ಸಾಲದಿಂದಲೇ.

ಈಗ ಲೆಕ್ಕ ಕೇಳಿ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಸಿಇಟಿ ಸೀಟಿಗೆ ವರ್ಷಕ್ಕೆ 40 ಸಾವಿರ ಚಿಲ್ಲರೆ, ಹಾಸ್ಟೆಲ್ಲು ಪುಸ್ತಕ ಓಡಾಟ ಸೇರಿಸಿ ವರ್ಷಕ್ಕೆ ಒಂದು ಲಕ್ಷ ಅಂತಲೇ ಇಟ್ಕೊಳ್ಳಿ. ವರ್ಷಕ್ಕೊಂದು ಲಕ್ಷದಂತೆ ನಾಲ್ಕು ಕಂತು, ಬಡ್ಡಿ 10% ಅಂತ ಹಿಡಿಯಿರಿ. ಓದೋ ನಾಲ್ಕು ವರ್ಷ, ಮೇಲೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆ ಅವಧಿಗೆ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ್ದು 50 ಸಾವಿರ, ಎರಡನೇದಕ್ಕೆ 40, ಮೂರನೇದಕ್ಕೆ 30, ನಾಲ್ಕನೇದಕ್ಕೆ 20, ಒಟ್ಟು 1,40,000. ಅಂದರೆ ಕಟ್ಟೋಕೆ ಶುರು ಮಾಡುವಾಗ 5,40,000 ಆಗಿರುತ್ತೆ, ಹತ್ತು ವರ್ಷಕ್ಕೆ ಹಾಕಿಸಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಆದರೆ ನಿಮ್ಮ ಮನೆ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಅಂತ ತಹಶೀಲ್ದಾರ್ ಸರ್ಟಿಫಿಕೇಟ್ ಇದ್ದು, ಕಾಲೇಜಿಗೆ ನ್ಯಾಕ್ ಮಾನ್ಯತೆಯೋ ಕೋರ್ಸಿಗೆ ಎನ್‌ಬಿಎ ಮಾನ್ಯತೆಯೋ ಇದ್ದರೆ, ಆ 1,40,000 ಬಡ್ಡಿ ಕೇಂದ್ರ ಸರ್ಕಾರ ಕೊಡುತ್ತೆ. ಆಗ ಉಳಿಯೋದು ಅಸಲು 4 ಲಕ್ಷ, ತಿಂಗಳಿಗೆ 5,300ರ ಹತ್ತಿರ. ಇದನ್ನ ಕೇಳಿ ಪಡೀಬೇಕು, ಬ್ಯಾಂಕಿನವರು ತಾವಾಗೇ ಹೇಳ್ತಾರೆ ಅಂತ ಕೂರಬೇಡಿ. ಹೆಣ್ಣುಮಕ್ಕಳಿಗೆ ಹಲವು ಸರ್ಕಾರಿ ಬ್ಯಾಂಕ್‌ಗಳಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಕಮ್ಮಿನೂ ಇದೆ.

ಸಬ್ಸಿಡಿ ಸಿಗದೇ ಹೋದರೆ ನೀವು ಮನೆಗೆ ಕಳಿಸೋ ದುಡ್ಡಲ್ಲೇ ಆಗಾಗಿನ ಬಡ್ಡಿ ಕಟ್ಟಿಬಿಡಿ. ಮೊದಲ ವರ್ಷ ತಿಂಗಳಿಗೆ 830, ನಾಲ್ಕನೇ ವರ್ಷಕ್ಕೆ 3,300. ಆಗಲೂ ಸಾಲ ಬೆಳೆಯಲ್ಲ.

ಇನ್ನೊಂದು, ನಿಮಗೆ 2ಎ ಅಲ್ವಾ, ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದಲ್ಲಿ ಅರಿವು ಸಾಲ ಅಂತ ಇದೆ, ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ, ಬಡ್ಡಿ ಬರೀ 2%. ಮೊದಲು ಅದಕ್ಕೆ ಅರ್ಜಿ ಹಾಕಿ, ಬ್ಯಾಂಕು ಎರಡನೇದು. ತೋಟ ಈ ಪಟ್ಟೀಲಿ ಎಲ್ಲೂ ಬರಲ್ಲ.

ದೇವಗಿರಿ ಹುಡುಗಿ

ಅಣ್ಣಾರ, ನಾನು ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ್ಯಾಗ ಮೂರನೇ ವರ್ಷ ಓದಾಕತ್ತೀನ್ರಿ. ನಮ್ಮಪ್ಪಂದು ಗೋವಿನಜೋಳ, ಮೂರು ಎಕರೆ. ನಂದು ರ‍್ಯಾಂಕು ನಿಮ್ಮ ತಂಗಿ ರ‍್ಯಾಂಕಿಗಿಂತ ಹಿಂದಿತ್ತು, ಆದ್ರೂ ಸೀಟ್ ಸಿಕ್ಕೈತಿ, ಅದಕ್ಕ ಹೆದರಬ್ಯಾಡ್ರಿ.

ಕಾರಣ ಏನಂದ್ರ ಗ್ರಾಮೀಣ ಮೀಸಲಾತಿ ಮತ್ತ ಕನ್ನಡ ಮಾಧ್ಯಮ. ಒಂದರಿಂದ ಹತ್ತರ ತನಕ ಹಳ್ಳಿ ಸಾಲ್ಯಾಗ ಓದಿದ್ರ 15%, ಕನ್ನಡದಾಗ ಓದಿದ್ರ 5%. ನಿಮ್ಮ ತಂಗಿಗೆ ಎರಡೂ ಬರ್ತಾವು. ಕೆಇಎ (ಸಿಇಟಿ ನಡೆಸೋ ಪರೀಕ್ಷಾ ಪ್ರಾಧಿಕಾರ) ಸೈಟಿನ್ಯಾಗ ಹೋದ ವರ್ಷದ ಕಟಾಫ್ ಪಟ್ಟಿ ತಗೀರಿ, ಅದರಾಗ 2ಎಜಿ, 2ಎಆರ್, 2ಎಕೆ ಅಂತ ಮೂರು ಕಾಲಂ ಇರ್ತಾವು, ಅಂದ್ರ 2ಎ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ. ಎಲ್ಲಾರೂ ಜಿಎಂ (ಸಾಮಾನ್ಯ ವರ್ಗ) ಕಾಲಂ ನೋಡಿ ಎದಿ ಒಡ್ಕೋತಾರ, ನೀವು 2ಎಆರ್ ಮತ್ತ 2ಎಕೆ ನೋಡ್ರಿ. ಹಾಸನ, ಮೊಸಳೆಹೊಸಳ್ಳಿ, ಕೆ.ಆರ್.ಪೇಟೆ, ರಾಮನಗರ, ಚಳ್ಳಕೆರೆ, ಇವೆಲ್ಲಾ ಸರ್ಕಾರಿ ಇಂಜಿನಿಯರಿಂಗ್ ಕಾಲೇಜ್ ಇರೋ ಊರು, ನಿಮಗ ಹಾಸನ ಬಾಳ ದೂರ ಆಗಂಗಿಲ್ಲ.

ಆದ್ರ ಒಂದು ಈಗಲೇ ಚೆಕ್ ಮಾಡ್ರಿ, ಇದು ಬಾಳ ಮುಖ್ಯ. ಆಕಿ ವೆರಿಫಿಕೇಷನ್ ಸ್ಲಿಪ್ ಡೌನ್‌ಲೋಡ್ ಮಾಡಿ, ಅದರಾಗ ಗ್ರಾಮೀಣ ಮತ್ತ ಕನ್ನಡ ಮಾಧ್ಯಮ ಎರಡೂ ಬಂದಾವೋ ಇಲ್ಲೋ ನೋಡ್ರಿ. ಅರ್ಜಿ ತುಂಬುವಾಗ ಸೈಬರ್ ಸೆಂಟರಿನವರು ಅವಸರದಾಗ ಇಲ್ಲ ಅಂತ ಒತ್ತಿಬಿಟ್ಟಿರ್ತಾರ. ನನ್ನ ಗೆಳತಿಗೆ ಹಂಗ ಆಗಿತ್ತು, ಅದೊಂದು ಟಿಕ್ ಸಲುವಾಗಿ ಸರ್ಕಾರಿ ಕಾಲೇಜ್ ತಪ್ಪಿ ಪ್ರೈವೇಟಿಗೆ ಹೋದ್ಲು, ಈಗ ನನ್ನ ಎರಡು ಪಟ್ಟು ಫೀ ಕಟ್ಟಾಕತ್ತಾಳ. ಸ್ಟಡಿ ಸರ್ಟಿಫಿಕೇಟಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಸೀಲ್ ಇರಬೇಕ್ರಿ, ಹೆಡ್ ಮಾಸ್ತರ್ ಸಹಿ ಒಂದ ಸಾಲಂಗಿಲ್ಲ.

ಸ್ಕಾಲರ್‌ಶಿಪ್ ಬರ್ತೈತೇನು ಅಂತ ಕೇಳೀರಿ. ಬರ್ತೈತ್ರಿ, ತಡಾ ಆಗ್ತೈತಿ, ಆದ್ರ ಬರ್ತೈತಿ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್) ಪೋರ್ಟಲ್‌ನ್ಯಾಗ ಹಾಕಬೇಕು, ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಬೇಕು. ಆಕಿ ಬ್ಯಾಂಕ್ ಅಕೌಂಟಿಗೆ ಆಧಾರ್ ಎನ್‌ಪಿಸಿಐ ಸೀಡಿಂಗ್ ಆಗಿರಬೇಕು, ಅಂದ್ರ ಸರ್ಕಾರದ ರೊಕ್ಕ ನೇರ ಆ ಅಕೌಂಟಿಗೇ ಬರೋಹಂಗ ಆಧಾರ್ ಜೋಡಿಸಿರಬೇಕು. ಆಧಾರ್ ಲಿಂಕ್ ಬ್ಯಾರೆ, ಸೀಡಿಂಗ್ ಬ್ಯಾರೆ, ಇದು ಗೊತ್ತಿಲ್ಲದ ನಂದು ಮೊದಲನೇ ವರ್ಷದ ರೊಕ್ಕ ಎಂಟು ತಿಂಗಳು ನಿಂತಿತ್ತು. ಬ್ಯಾಂಕಿಗೆ ಹೋಗಿ ಡಿಬಿಟಿ ಸಲುವಾಗಿ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡ್ರಿ ಅಂತ ಫಾರ್ಮ್ ಬರೆದುಕೊಡ್ರಿ. ರೈತರ ಮಕ್ಕಳಿಗೆ ಅಂತ 2021ರಾಗ ರೈತ ವಿದ್ಯಾನಿಧಿನೂ ಶುರು ಮಾಡಿದ್ರು, ಈಗ ಕೊಡ್ತಾರೇನು ಕೇಳಿ ನೋಡ್ರಿ, ಬಿಇ ಓದೋ ಹುಡುಗೀರಿಗೆ ವರ್ಷಕ್ಕ 11 ಸಾವಿರ ಅಂತ ಇಟ್ಟಿದ್ರು, ಅದಕ್ಕ ಅಪ್ಪನ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಬೇಕು, ರೈತ ಸಂಪರ್ಕ ಕೇಂದ್ರದಾಗ ಮಾಡಿಕೊಡ್ತಾರ.

ಇರೋದಕ್ಕ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್‌ಗೆ ಹಾಕ್ರಿ. ನಾನು ಅಲ್ಲೇ ಅದೀನಿ, ಊಟ ವಸತಿ ಫ್ರೀ. ಸಾರು ಒಂದೊಂದಿನ ನೀರಾಗಿರ್ತೈತಿ ಖರೆ, ಆದ್ರ ನಮ್ಮ ರೂಮಿನ್ಯಾಗ ನಾವು ಆರು ಮಂದಿ ಅದೀವಿ, ಆರೂ ಮಂದಿ ರೈತರ ಮಕ್ಕಳು, ರಾತ್ರಿ ಹನ್ನೆರಡಕ್ಕ ಎದ್ದು ಲೆಕ್ಕ ಕೇಳಿದ್ರೂ ಹೇಳಿಕೊಡ್ತಾರ. ಹಾಸ್ಟೆಲ್ ಸಿಗಲಿಲ್ಲಂದ್ರ ವಿದ್ಯಾಸಿರಿ ಅಂತ ಊಟ ವಸತಿಗೆ ಹತ್ತು ತಿಂಗಳಿನ ರೊಕ್ಕ ಐತಿ. ಊರಿಗೆ ಹೋಗಿ ಬರಾಕ ಶಕ್ತಿ ಯೋಜನೆ ಐತಲ್ಲ, ಸರ್ಕಾರಿ ಬಸ್ಸಿಗೆ ನಾನು ಒಂದು ರೂಪಾಯಿ ಕೊಟ್ಟಿಲ್ಲ. ಹಿಂಗೆಲ್ಲಾ ಕೂಡಿಸಿ ನೋಡಿದ್ರ ವರ್ಷಕ್ಕ ಒಂದು ಲಕ್ಷ ಅಂತ ಸರ್ ಹೇಳ್ಯಾರಲ್ಲ, ಅಷ್ಟೂ ಬೀಳಂಗಿಲ್ಲ.

ಮೊದಲನೇ ವರ್ಷ ಲ್ಯಾಪ್‌ಟಾಪ್ ಬ್ಯಾಡ್ರಿ, ಎರಡನೇ ವರ್ಷ ತಗೊಂಡ್ರ ಸಾಕು. ಇದು ನಾನು ನಮ್ಮಪ್ಪಗ ಹೇಳದ ತಪ್ಪು ಮಾಡೀನಿ, ಅವ್ರು ಎತ್ತು ಮಾರಿ ಕೊಡಿಸಿದ್ರು.

ಅಡಿಕೆ ಸೀಮೆ ಅಮ್ಮ

ನಿಮ್ಮ ಪೋಸ್ಟ್ ಎರಡು ಸಲ ಓದಿದೆ ಕಣಪ್ಪ. ಅಪ್ಪನಿಗೆ ಏನು ಬೇಕು ಬರೆದಿದ್ದೀಯ, ನಿನ್ನ ಸಂಕಟ ಬರೆದಿದ್ದೀಯ. ನಿನ್ನ ತಂಗಿಗೆ ಏನು ಓದಬೇಕು ಅಂತಿದೆ? ಅದು ಒಂದು ಸಾಲೂ ಇಲ್ಲ. ಅವಳನ್ನ ಕೇಳಿದ್ದೀಯಾ?

ಕಬ್ಬಿನ ಗದ್ದೆ

ನಾನು ನಿಮ್ಮಪ್ಪನ ಜಾಗದಲ್ಲಿ ನಿಂತವನು, ಅದಕ್ಕೇ ಬರೀತಾ ಇದೀನಿ. ಮಂಡ್ಯ ಜಿಲ್ಲೆ. 2017ರಲ್ಲಿ ಮಗನಿಗೆ ಒಂದು ಕಾಲೇಜಲ್ಲಿ ಮ್ಯಾನೇಜ್‌ಮೆಂಟ್ ಸೀಟು ತಗೊಂಡೆ, ನಾಲೆ ನೀರು ಬರೋ ಮೂವತ್ತು ಗುಂಟೆ ಮಾರಿ. ಆಗ ಯಾರು ಬೇಡ ಅಂದ್ರೂ ಕೇಳ್ತಿರ್ಲಿಲ್ಲ, ನನ್ನ ಹೆಂಡ್ತಿ ಬೇಡ ಅಂದ್ಲು, ಅವಳಿಗೇ ಬೈದೆ. ಮಗ ಓದೋದ್ರಲ್ಲಿ ಕೆಟ್ಟವನಲ್ಲ, ಆದ್ರೆ ಹಳ್ಳಿ ಕಾಲೇಜಿಂದ ಹೋದವನು ಮೊದಲ ಸೆಮಿಸ್ಟರ್‌ನಲ್ಲೇ ಎರಡು ಸಬ್ಜೆಕ್ಟ್ ಉಳಿಸ್ಕೊಂಡ, ಗದ್ದೆ ಮಾರಿದ ದುಡ್ಡಲ್ಲಿ ಓದ್ತಾ ಇದೀನಿ ಅನ್ನೋದು ಅವನ ತಲೆ ಮೇಲೆ ಕೂತ್ಕೊಂಡ್ಬಿಡ್ತು. ಹಬ್ಬಕ್ಕೆ ಊರಿಗೆ ಬಂದ್ರೆ ಆ ಗದ್ದೆ ಕಡೆ ಹೋಗ್ತಿರ್ಲಿಲ್ಲ, ಬೇರೆ ದಾರೀಲಿ ಸುತ್ತಾಕ್ಕೊಂಡು ಬರ್ತಿದ್ದ. ನಾನು ಅದನ್ನ ಗಮನಿಸಿದ್ದು ಮೂರನೇ ವರ್ಷಕ್ಕೆ.

ಈಗ ಓದು ಮುಗಿಸಿದಾನೆ, ಕೆಲಸದಲ್ಲಿದಾನೆ, ತಿಂಗಳಾ ತಿಂಗಳಾ ದುಡ್ಡು ಕಳಿಸ್ತಾನೆ, ನಾನು ಬೇಡ ಅಂದ್ರೂ ನಿಲ್ಸಲ್ಲ. ಅವನಿಗೆ ಇಪ್ಪತ್ತಾರು ವರ್ಷ, ತನಗೆ ಅಂತ ಒಂದು ಬೈಕ್ ತಗೊಂಡಿಲ್ಲ. ಆ ಗದ್ದೆ ಇವತ್ತು ಕೊಳ್ಳೋಕೆ ಹೋದ್ರೆ ನಾನು ಮಾರಿದ್ದರ ಮೂರರಷ್ಟು ಕೇಳ್ತಾರೆ.

ನಿಮ್ಮಪ್ಪ ಪ್ರೀತಿಯಿಂದಲೇ ಹೇಳ್ತಾ ಇದಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಗಳಿಗೆ ಆ ಭಾರ ಹೊರಿಸ್ಬೇಡಿ ಅಂತ ಹೇಳಿ. ನನ್ನ ನಂಬರ್ ಬೇಕಾದ್ರೆ ಪರ್ಸನಲ್ ಮೆಸೇಜಲ್ಲಿ ಕೊಡ್ತೀನಿ, ಅವರ ಜೊತೆ ನಾನೇ ಮಾತಾಡ್ತೀನಿ, ರೈತನ ಮಾತು ರೈತ ಕೇಳ್ತಾನೆ.

ತೋಟದಮನೆ ಅಣ್ಣ

ಎಲ್ರಿಗೂ ಹೆಂಗ್ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. 50 ಸಾವಿರ ಕೊಟ್ಟಿಲ್ಲ, ನಿನ್ನೆ ರಾತ್ರೀನೇ ಫೋನ್ ಮಾಡಿ ನಿಲ್ಸಿದೆ.

ಅಮ್ಮಾ, ನೀವು ಕೇಳಿದ್ದು ಓದಿ ಊಟ ಸೇರ್ಲಿಲ್ಲ. ನಿಜ, ನಾನು ಕೇಳಿರ್ಲಿಲ್ಲ. ಶಿಫ್ಟ್ ಮುಗಿಸಿ ಬಂದು ಅವಳಿಗೆ ಫೋನ್ ಮಾಡ್ದೆ. ಮೊದ್ಲು ನೀವ್ ಹೇಳ್ದಂಗೆ ಮಾಡ್ತೀನಣ್ಣ ಅಂದ್ಲು. ಬಿಡ್ಲಿಲ್ಲ, ನಿಂಗೇನ್ ಬೇಕು ಅಂತ ಮೂರು ಸಲ ಕೇಳ್ದೆ. ಆಮೇಲೆ ಹೇಳಿದ್ಲು, ಅವಳಿಗೆ ಬಿಎಸ್ಸಿ ಅಗ್ರಿ (ಕೃಷಿ) ಓದ್ಬೇಕಂತೆ. ಸಿಇಟಿ ಅರ್ಜೀಲಿ ಕೃಷಿಕರ ಕೋಟಾ ಹೌದು ಅಂತ ಅವಳೇ ಕೊಟ್ಟಿದಾಳೆ, ಬಯಾಲಜಿ ಲೆಕ್ಚರರ್ ಹೇಳಿದ್ರಂತೆ. ಚಳಿಗಾಲದಲ್ಲಿ ಅಪ್ಪನ ಹತ್ರ ಪಹಣಿ ಇಸ್ಕೊಂಡು ಹೋಗಿದ್ಲು, ಕಾಲೇಜಿಗೆ ಬೇಕು ಅಂದಿದ್ಲು, ನಾವ್ಯಾರೂ ಯಾಕೆ ಅಂತ ಕೇಳೇ ಇರ್ಲಿಲ್ಲ. ನಮ್ ತೋಟದಲ್ಲಿ ಎರಡು ವರ್ಷದಿಂದ ಗರಿ ಒಣಗ್ತಾ ಇದಾವೆ, ಕಪ್ಪು ತಲೆ ಹುಳ ಅಂತೆ, ನೀರ್ ಕಮ್ಮಿ ಆಗಿ ಹಿಂಗಾಗಿದೆ ಅಂತ ಅಪ್ಪ ಅಂದ್ಕೊಂಡಿದ್ರು. ಅವಳು ಯಾರನ್ನೋ ಕೇಳಿ, ಹುಳದ ಫೋಟೋ ತೋರ್ಸಿ, ಕೆಳಗಿನ ಗರಿ ಕಡಿದು ಸುಟ್ಟುಹಾಕ್ಬೇಕು, ಅದನ್ನ ತಿನ್ನೋ ಪರೋಪಜೀವಿ ಹುಳ ತಂದು ಬಿಡ್ಬೇಕು ಅಂತ ಅಪ್ಪಂಗೆ ಹೇಳಿದ್ಲಂತೆ. ಅಪ್ಪ ನಗಾಡಿ ಸುಮ್ನಾಗಿದ್ರಂತೆ. "ಅಣ್ಣ, ಆ ರಸ್ತೆ ಪಕ್ಕದ ಮರಗಳೇ ಜಾಸ್ತಿ ಕೆಟ್ಟಿರೋದು, ಅದನ್ನೇ ಮಾರಿ ನನ್ನ ಓದಿಸ್ತೀನಿ ಅಂತಾರಲ್ಲ, ನಂಗೆ ಹೆಂಗ್ ಹೇಳ್ಬೇಕೋ ಗೊತ್ತಾಗ್ಲಿಲ್ಲ" ಅಂದ್ಲು. ಫೋನಲ್ಲೇ ಅತ್ಲು.

ಅಗ್ರಿ ಬಗ್ಗೆ ನಂಗೇನೂ ಗೊತ್ತಿಲ್ಲ. ಅದನ್ನ ಓದಿದ್ರೆ ಕೆಲ್ಸ ಇದೆಯಾ? ಅಪ್ಪ ಕೇಳೋ ಮೊದಲ ಪ್ರಶ್ನೆನೇ ಅದು, ಮಣ್ಣಲ್ಲಿ ದುಡಿಯೋದು ಬೇಡ ಅಂತ ಓದಿಸಿದ್ರೆ ಮತ್ತೆ ಮಣ್ಣಿಗೇ ಬರ್ತೀನಿ ಅಂತಾಳಾ ಅಂತಾರೆ.

ಕಾರೆಕೆರೆ ಹಳೇ ವಿದ್ಯಾರ್ಥಿ

ನಾನು ಹಾಸನದ ಕಾರೆಕೆರೆ ಕೃಷಿ ಕಾಲೇಜಲ್ಲಿ ಬಿಎಸ್ಸಿ ಅಗ್ರಿ ಮಾಡಿದವನು, ಈಗ ಒಂದು ಬೀಜದ ಕಂಪನಿಯಲ್ಲಿದೀನಿ. ನಿಮ್ಮ ತಂಗಿ ವಿಷಯ ಓದಿ ತುಂಬಾ ಖುಷಿ ಆಯ್ತು. ಕಪ್ಪು ತಲೆ ಹುಳಕ್ಕೆ ಅವಳು ಹೇಳಿರೋದು ಸರಿ, ನಾವು ಕ್ಲಾಸಲ್ಲಿ ಓದಿದ್ದೂ ಅದನ್ನೇ, ಪರೋಪಜೀವಿ ಬಿಡೋದು. ಇದನ್ನ ಅಪ್ಪನಿಗೆ ದಯವಿಟ್ಟು ಹೇಳಿ.

ಓದು ನಾಲ್ಕು ವರ್ಷ. ಬೆಂಗಳೂರಿನ ಜಿಕೆವಿಕೆ ಬೆಂಗಳೂರು ಕೃಷಿ ವಿವಿ ಕೆಳಗೆ ಬರುತ್ತೆ, ಮಂಡ್ಯದ ವಿ.ಸಿ.ಫಾರಂ, ಹಾಸನ ಕಾಲೇಜುಗಳೂ ಮೊದಲು ಅದರ ಕೆಳಗೇ ಇದ್ವು. ಶಿವಮೊಗ್ಗ, ಧಾರವಾಡ, ರಾಯಚೂರು ಬೇರೆ ವಿವಿಗಳು. ತೋಟಗಾರಿಕೆ ಬೇಕಾದ್ರೆ ಬಾಗಲಕೋಟೆ ವಿವಿ ಕೆಳಗಿನ ಕಾಲೇಜುಗಳು, ತೆಂಗಿನವರ ಮಗಳಿಗೆ ಬಿಎಸ್ಸಿ ತೋಟಗಾರಿಕೆನೂ ಚೆನ್ನಾಗಿರುತ್ತೆ, ಅದನ್ನೂ ಪಟ್ಟಿಗೆ ಸೇರಿಸಲಿ. ಇದಕ್ಕೆ ಇಂಜಿನಿಯರಿಂಗ್ ರ‍್ಯಾಂಕ್ ನೋಡ್ಬೇಡಿ, ಅಗ್ರಿ ರ‍್ಯಾಂಕ್ ಬೇರೆ ಇರುತ್ತೆ, ಬಯಾಲಜಿ ಮಾರ್ಕ್ಸೂ ಅದರಲ್ಲಿ ಸೇರುತ್ತೆ.

ಕೃಷಿಕರ ಕೋಟಾಕ್ಕೆ ಪ್ರಾಕ್ಟಿಕಲ್ ಟೆಸ್ಟ್ ಇದೆ. ಬೀಜ, ಗೊಬ್ಬರ, ಸಲಕರಣೆ, ಬೆಳೆ ಇಟ್ಟಿರ್ತಾರೆ, ಗುರುತಿಸಬೇಕು. ನಾನು ಹೋದಾಗ ಪೇಟೆ ಹುಡುಗರು ಪುಸ್ತಕದ ಫೋಟೋ ನೋಡಿ ಬಾಯಿಪಾಠ ಮಾಡ್ಕೊಂಡು ಬಂದಿದ್ರು, ಹಲಸಂದೆ ಬೀಜಕ್ಕೂ ಅವರೆ ಬೀಜಕ್ಕೂ ತಡವರಿಸ್ತಿದ್ರು. ಊರಲ್ಲಿ ಅವ್ವನ ಜೊತೆ ಮಡಿಕೆಯಿಂದ ಬಿತ್ತನೆ ಕಾಳು ತೆಗೆದವರಿಗೆ ಅದು ಪರೀಕ್ಷೆನೇ ಅಲ್ಲ. ಈಗಿಂದ ಒಂದು ಕೆಲಸ ಮಾಡ್ಸಿ, ತಿಪಟೂರಲ್ಲಿ ಒಂದು ಬೀಜ ಗೊಬ್ಬರದ ಅಂಗಡಿಗೆ ಕರ್ಕೊಂಡು ಹೋಗಿ ಯೂರಿಯಾ, ಡಿಎಪಿ, ಪೊಟ್ಯಾಷ್ ಎಲ್ಲಾ ಕೈಯಲ್ಲಿ ಹಿಡಿದು ನೋಡ್ಲಿ. ನಿಮ್ಮ ಕಡೆ ಬೆಳೆಯದ ಬೆಳೆಗಳ ಬೀಜ, ಕುಸುಬೆ, ಕಡಲೆ, ಬಿಳಿಜೋಳ, ಇವನ್ನೂ ಪರಿಚಯ ಮಾಡ್ಕೊಳ್ಳಲಿ. ಟೆಸ್ಟ್ ಯಾವತ್ತು ಅಂತ ಕೆಇಎ ಸೈಟ್ ದಿನಾ ನೋಡ್ತಾ ಇರಿ, ಆ ದಿನ ತಪ್ಪಿದರೆ ಕೋಟಾ ತಪ್ಪಿತು.

ಕೆಲಸ ಇದೆಯಾ ಅಂದ್ರೆ, ಇದೆ, ಆದ್ರೆ ಮುಗಿಸಿದ ದಿನವೇ ಕಾಯ್ತಾ ಇರುತ್ತೆ ಅಂತ ಸುಳ್ಳು ಹೇಳಲ್ಲ. ಸರ್ಕಾರದ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆ ಕೆಪಿಎಸ್‌ಸಿ ಮೂಲಕ ಕರೀತಾರೆ, ಅದಕ್ಕೆ ಕಾಯಬೇಕು, ವರ್ಷಗಟ್ಟಲೆ ಆಗಬಹುದು. ಬ್ಯಾಂಕಲ್ಲಿ ಅಗ್ರಿಕಲ್ಚರ್ ಫೀಲ್ಡ್ ಆಫೀಸರ್ ಅಂತ ಐಬಿಪಿಎಸ್ ಪರೀಕ್ಷೆ ಇದೆ, ನನ್ನ ಬ್ಯಾಚಿನಲ್ಲಿ ಓದಲ್ಲಿ ಗಟ್ಟಿ ಇದ್ದ ಹುಡುಗೀರು ಹೆಚ್ಚು ಹೋಗಿದ್ದು ಅಲ್ಲಿಗೇ. ಬೀಜ, ಗೊಬ್ಬರ, ಔಷಧಿ ಕಂಪನಿಗಳಲ್ಲಿ ಫೀಲ್ಡ್ ಕೆಲಸ ಸಿಗುತ್ತೆ, ಆದ್ರೆ ಸುತ್ತಾಟ ಜಾಸ್ತಿ, ಮೊದಲ ಸಂಬಳ ಕಮ್ಮಿ. ಎಂಎಸ್ಸಿ ಮಾಡಿದ್ರೆ ಸಂಶೋಧನೆ, ಪಾಠದ ಕಡೆ ದಾರಿ. ಏನೂ ಇಲ್ಲ ಅಂದ್ರೂ ಆ ಡಿಗ್ರಿ ಇದ್ರೆ ಗೊಬ್ಬರ ಔಷಧಿ ಅಂಗಡಿ ಲೈಸೆನ್ಸ್ ಅವಳ ಹೆಸರಲ್ಲೇ ತಗೋಬಹುದು.

ಕೊನೇ ವರ್ಷ ನಮ್ಮನ್ನ ಹಳ್ಳಿಗೆ ಕಳಿಸ್ತಾರೆ, ಅಲ್ಲೇ ಮನೆ ಮಾಡ್ಕೊಂಡು ರೈತರ ಜೊತೆ ಇರಬೇಕು. ನಿಮ್ಮಪ್ಪ ಮಣ್ಣಿಗೇ ಬರ್ತಾಳಾ ಅಂತ ಕೇಳಿದ್ರೆ, ಬರ್ತಾಳೆ, ಆದ್ರೆ ಆಗ ಊರಿನ ರೈತರು ಅವಳನ್ನ ಕೇಳ್ಕೊಂಡು ಬರ್ತಾರೆ ಅಂತ ಹೇಳಿ.

ದೇವಗಿರಿ ಹುಡುಗಿ

ಆಪ್ಷನ್ ಎಂಟ್ರಿ, ಅಂದ್ರ ಬೇಕಾದ ಕಾಲೇಜು ಕೋರ್ಸು ಸಾಲಾಗಿ ತುಂಬೋದು, ಅದರ ಬಗ್ಗೆ ಒಂದು ಮಾತು ಸೇರಸ್ತೀನ್ರಿ. ಅಗ್ರಿನೂ ಇಂಜಿನಿಯರಿಂಗೂ ಒಂದ ಪಟ್ಟಿಯೊಳಗ ಬರ್ತಾವು. ಮ್ಯಾಲ ಬರೆದದ್ದು ಸಿಕ್ಕರ ಕೆಳಗಿನವು ತಾವಾಗಿ ಹೋಗ್ತಾವು. ಅದಕ್ಕ ಆಕಿಗೆ ಅಗ್ರಿ ಬೇಕಂದ್ರ ಅಗ್ರಿ ಕಾಲೇಜುಗಳು ಮ್ಯಾಲ, ಆಮ್ಯಾಲ ಸರ್ಕಾರಿ ಇಂಜಿನಿಯರಿಂಗ್. ಮಂದಿ ಏನಂತಾರ ಅಂತ ಕಂಪ್ಯೂಟರ್ ಸೈನ್ಸ್ ಮ್ಯಾಲ ಬರೀಬ್ಯಾಡ್ರಿ, ಸಿಕ್ಕಬಿಟ್ರ ಅಗ್ರಿ ಹೋತು. ಮೊದಲು ಮಾಕ್ ಅಲಾಟ್‌ಮೆಂಟ್ ಬಿಡ್ತಾರ, ಅದು ಬರೇ ಅಂದಾಜು, ಅದನ್ನ ನೋಡಿ ಪಟ್ಟಿ ತಿದ್ದಬಹುದು. ನಿಜವಾದ್ದು ಬಂದ ಮ್ಯಾಲ ನಾಲ್ಕು ಚಾಯ್ಸ್. ಸೀಟು ಮನಸ್ಸಿಗೆ ಬಂದ್ರ ಚಾಯ್ಸ್ ಒಂದು. ಇದೂ ಇರಲಿ, ಮುಂದಿನ ರೌಂಡಿನ್ಯಾಗ ಇದಕ್ಕಿಂತ ಮ್ಯಾಲಿಂದು ನೋಡ್ತೀನಿ ಅಂದ್ರ ಎರಡು. ಮೂರು ಒತ್ತಿದ್ರ ಕೈಯಾಗಿನ ಸೀಟು ಹೋಗ್ತೈತಿ, ಮುಂದಿನ ರೌಂಡಿಗೆ ಮಾತ್ರ ಇರ್ತೀರಿ. ನಾಲ್ಕು ಒತ್ತಿದ್ರ ಪೂರಾ ಹೊರಗ. ಸೈಬರ್‌ನವರ ಕೈಯಾಗ ಸೀಕ್ರೆಟ್ ಕೀ, ಪಾಸ್‌ವರ್ಡ್ ಕೊಟ್ಟು ಬರಬ್ಯಾಡ್ರಿ, ಆಕಿನ ಕುಂತು ಮಾಡ್ಲಿ.

ನಿವೃತ್ತ ಶಾಖಾಧಿಕಾರಿ

ಅಗ್ರಿ ಆದರೂ ನಾನು ಹೇಳಿದ ಲೆಕ್ಕ ಹೆಚ್ಚು ಬದಲಾಗಲ್ಲ, ಸರ್ಕಾರಿ ಸೀಟು ತಾನೆ. ಬಡ್ಡಿ ಸಬ್ಸಿಡಿಗೆ ಆ ಕಾಲೇಜು ಬರುತ್ತಾ ಅಂತ ಶಾಖೇಲಿ ಬರವಣಿಗೆಯಲ್ಲಿ ಕೇಳಿ. ಸೀಟು ಅಲಾಟ್ ಆದ ಪತ್ರ, ಕಾಲೇಜಿನ ಫೀಸ್ ಪತ್ರ, ಎರಡೂ ಕೈಗೆ ಬಂದ ದಿನವೇ ಅರ್ಜಿ ಹಾಕಿ. ಮೊದಲ ಕಂತು ಸೀಟು ಉಳಿಸಿಕೊಳ್ಳೋಕೆ ನೀವೇ ಕೈಯಿಂದ ಕಟ್ಟಬೇಕಾಗುತ್ತೆ, ಸಾಲ ಅಷ್ಟು ಬೇಗ ಮಂಜೂರಾಗಲ್ಲ. ಆ 50 ಸಾವಿರ ಇದಕ್ಕೆ ಇಟ್ಟುಕೊಳ್ಳಿ. ರಸೀದಿ ಜೋಪಾನ, ಆಮೇಲೆ ಸಾಲದಲ್ಲಿ ತುಂಬಿಸಿಕೊಡಿ ಅಂತ ಕೇಳಬಹುದು.

ತೋಟದಮನೆ ಅಣ್ಣ

ಊರಿಂದ ಈಗಷ್ಟೇ ವಾಪಸ್ ಬಂದೆ, ಬಸ್ಸಲ್ಲೇ ಅರ್ಧ ಟೈಪ್ ಮಾಡಿದೀನಿ.

ಅಪ್ಪಂಗೆ ಮೊದ್ಲು ಲೆಕ್ಕ ತೋರ್ಸ್ದೆ, ತಿಂಗಳಿಗೆ 5,300 ಅನ್ನೋದನ್ನ ಮೂರು ಸಲ ಕೇಳಿದ್ರು, ಹತ್ತು ವರ್ಷಾನಾ ಅಂದ್ರು. ನಾನೂ ಇದೀನಲ್ಲಪ್ಪ ಅಂದೆ. ಕಬ್ಬಿನ ಗದ್ದೆ ಅಣ್ಣಾವ್ರು ಫೋನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ರು, ಏನ್ ಮಾತಾಡಿದ್ರೋ ಅಪ್ಪ ನಂಗೆ ಹೇಳ್ಲಿಲ್ಲ, ಫೋನ್ ಇಟ್ಟು ಸ್ವಲ್ಪ ಹೊತ್ತು ಹಟ್ಟಿ ಕಡೆ ಹೋಗಿ ನಿಂತ್ಕೊಂಡಿದ್ರು. ಆಮೇಲೆ ತಂಗೀನ ಕರೆದು, ಅದೇನೋ ಹುಳ ಅಂದಿದ್ಯಲ್ಲ ತೋರ್ಸು ಬಾ ಅಂದ್ರು. ಇಬ್ರೂ ರಸ್ತೆ ಪಕ್ಕದ ತೋಟಕ್ಕೆ ಹೋಗಿ ಕತ್ತಲಾಗೋವರೆಗೂ ಬರ್ಲಿಲ್ಲ.

ಅಗ್ರಿಗೆ ಪೂರ್ತಿ ಒಪ್ಪಿದಾರೆ ಅಂತ ಹೇಳಕ್ಕಾಗಲ್ಲ. ಟೆಸ್ಟ್ ಬರೀಲಿ ನೋಡಣ ಅಂದಿದಾರೆ. ತೋಟ ಮಾರೋ ಮಾತು ಎತ್ತಿಲ್ಲ. ವೆರಿಫಿಕೇಷನ್ ಸ್ಲಿಪ್ ನೋಡಿದ್ವಿ, ಗ್ರಾಮೀಣ ಬಂದಿದೆ, ಕನ್ನಡ ಮಾಧ್ಯಮ ಬಂದಿಲ್ಲ. ದೇವಗಿರಿ ತಂಗಿ, ನೀನ್ ಹೇಳ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲಮ್ಮ. ನಾಳೆ ಅಪ್ಪ ತಂಗಿ ಇಬ್ರೂ ಶಾಲೆಗೆ ಹೋಗಿ ಸ್ಟಡಿ ಸರ್ಟಿಫಿಕೇಟ್ ಬರೆಸ್ಕೊಂಡು ಬಿಇಒ ಆಫೀಸಿಗೆ ಹೋಗ್ತಾರೆ, ತಿದ್ದುಪಡಿಗೆ ಟೈಮ್ ಕೊಟ್ಟಾಗ ಕೈಯಲ್ಲಿ ಇರ್ಬೇಕಲ್ಲ. ಬ್ಯಾಂಕಲ್ಲಿ ಎನ್‌ಪಿಸಿಐ ಫಾರ್ಮೂ ಅದೇ ದಿನ ಕೊಡ್ತಾರೆ.

ಒಂದೇ ಒಂದು ಉಳಿದಿದೆ. ಕುಸುಬೆ ಬೀಜ ತಿಪಟೂರಲ್ಲಿ ಎರಡು ಅಂಗಡೀಲಿ ಕೇಳ್ದೆ, ಸಿಗ್ಲಿಲ್ಲ. ಆ ಕಡೆಯವರು ಯಾರಾದ್ರೂ ಒಂದು ಹಿಡಿ ಪೋಸ್ಟಲ್ಲಿ ಕಳಿಸ್ತೀರಾ? ಖರ್ಚು ನಾನು ಕೊಡ್ತೀನಿ.

ದೇವಗಿರಿ ಹುಡುಗಿ

ನಮ್ಮ ರೂಮಿನ್ಯಾಗ ಗದಗ ಕಡೆ ಹುಡುಗಿ ಅದಾಳ್ರಿ, ಅವರ ಮನ್ಯಾಗ ಕುಸುಬಿ ಐತಿ. ಈ ಶನಿವಾರ ಊರಿಗೆ ಹೊಂಟಾಳ. ಕುಸುಬಿ, ಕಡ್ಲಿ, ಬಿಳಿಜೋಳ ಮೂರೂ ಒಂದೊಂದು ಹಿಡಿ ಕಟ್ಟಿಸಿ ಕಳಸ್ತೀನಿ. ಖರ್ಚು ಬ್ಯಾಡ್ರಿ. ಅಡ್ರೆಸ್ ಇಲ್ಲಿ ಹಾಕಬ್ಯಾಡ್ರಿ, ಮೆಸೇಜ್ ಮಾಡ್ರಿ.